ಒಂದೇ ಗೆರೆ

ಶನಿವಾರ ಮಧ್ಯಾಹ್ನ
ಅಯಸ್ಕಾಂತದ ಕೋಣೆಯಿಂದ

ಪ್ರೀತಿಯ ಗುಬ್ಬೀ,

ಫೋನಿನಲ್ಲಿ ಹೇಳಿದರೆ ದನಿ ನಡುಗುತ್ತದೆ, ಅದಕ್ಕೇ ಕಾಗದ. ಹೌದು, ನನಗೆ ಹೊಟ್ಟೆಕಿಚ್ಚು. ನೀನು ಕಳಿಸಿದ ಗಾಜಿನ ಕೊಳವೆಯ ಮೇಲೆ ನಿನ್ನ ಹೆಸರು, ಪಕ್ಕದಲ್ಲಿ ಆ ಗುಂಗುರುಗೂದಲಿನವಳದು. ಇಷ್ಟು ವರ್ಷ ಆ ಜಾಗ ನನ್ನದಾಗಿತ್ತು. ಮೊನ್ನೆ ಮೊನ್ನೆ ಬಂದವಳು, ಆಗಲೇ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತೀರಂತೆ. ಮಾಡಿ, ನನಗೇನು!

‘ನಮ್ಮ ಉಂಗುರದಂಥ ಅಣು ಆ ಔಷಧಿಯ ಅಣುವನ್ನ ನೀರಲ್ಲಿ ಗಟ್ಟಿಯಾಗಿ ಹಿಡ್ಕೊಂಡಿದೆ ಕಣೇ, ನೀನೊಂದ್ಸಲ ನೋಡಿ ಹೌದು ಅಂದ್ಬಿಡು, ದೂರದ ಆ ಪ್ರಯೋಗಾಲಯದಲ್ಲಿ ನನಗೂ ಅವಳಿಗೂ ಕೆಲಸ ಸಿಕ್ಕ ಹಾಗೇ’ ಎಂದು ಕುಣಿದಾಡಿದೆಯಲ್ಲ, ನೀನು ಹೋಗುತ್ತೀಯ ಎಂಬುದಷ್ಟೇ ನನಗೆ ಕೇಳಿಸಿತು.

ನಮ್ಮ ಈ ಅಯಸ್ಕಾಂತ ಯಂತ್ರದ ಕೆಲಸ ನಿನಗೆ ಗೊತ್ತು. ಅವಳಿಗೆ ಗೊತ್ತೋ ಇಲ್ಲವೋ, ಓದಿ ಹೇಳು. ಮಿಶ್ರಣವನ್ನು ಬೇರ್ಪಡಿಸದೆಯೇ, ಒಳಗೆ ಯಾವುದು ಎಷ್ಟು ಬೇಗ ಅಲೆಯುತ್ತದೆಂದು ಅಳೆದು, ಒಂದೊಂದು ವೇಗಕ್ಕೆ ಒಂದೊಂದು ಗೆರೆಯಲ್ಲಿ ತೋರಿಸುತ್ತದೆ. ಚಿಕ್ಕದು ಚುರುಕು, ದೊಡ್ಡದು ನಿಧಾನ. ಸಂತೆಯಲ್ಲಿ ಅಜ್ಜಿಯ ಕೈಹಿಡಿದ ಮಗು ಅಜ್ಜಿಯ ನಡಿಗೆಯಲ್ಲೇ ಹೋಗಬೇಕಲ್ಲ, ಹಾಗೆ ಕೂಡಿಕೊಂಡ ಅಣುಗಳು ಒಂದೇ ಗೆರೆಯ ಮೇಲೆ ಕೂರುತ್ತವೆ. ಕೈಬಿಟ್ಟಿದ್ದರೆ ಎರಡು ಗೆರೆ.

ಎರಡು ಬರಲಿ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಬಂದವು ಕಣೇ! ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಎರಡು ಗೆರೆ. ಚಿತ್ರ ಲಕೋಟೆಯಲ್ಲಿದೆ. ನಿಮ್ಮ ಜೋಡಿ ಜೋಡಿಯೇ ಅಲ್ಲ. ಬೇಜಾರು ಮಾಡಿಕೊಳ್ಳಬೇಡ, ಇಲ್ಲೇ ಇರು. ಸೋಮವಾರ ನಿನ್ನ ಡಬ್ಬಿ ಇಲ್ಲಿಗೇ ತಾ. ಮೊದಲಿನ ಹಾಗೆ ಕಿಟಕಿ ಪಕ್ಕ ಕೂತು ಉಣ್ಣೋಣ.

ಎಂದೆಂದಿಗೂ ನಿನ್ನ
ಆಮೆ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ನಿನ್ನ ನೀರಿನ ಮಾದರಿಯಲ್ಲಿ ಒಂದಿಷ್ಟು ಒಣಗಿಸಿ, ಬೇರೆ ದ್ರಾವಕದಲ್ಲಿ ಕರಗಿಸಿ ತೆಗೆದದ್ದು ಆ ಎರಡು ಗೆರೆಯ ಚಿತ್ರ. ಆ ದ್ರಾವಕದಲ್ಲಿ ಇಂಥ ಹಿಡಿತ ಸಡಿಲವಾಗುತ್ತದೆಂದು ಗೊತ್ತಿದ್ದೇ ಹಾಗೆ ಮಾಡಿದೆ. ನೀರಿನಲ್ಲಿ ಮೊದಲೇ ನೋಡಿಯಾಗಿತ್ತು: ಒಂದೇ ಗೆರೆ. ಮೂರು ಸಲ ನೋಡಿದರೂ ಒಂದೇ. ಆ ಚಿತ್ರವನ್ನೂ ಇಟ್ಟಿದ್ದೇನೆ, ಅದನ್ನೇ ತೋರಿಸು, ಹೋಗು. ಕೊಳವೆಯನ್ನು ಒರೆಸಿ ಕಳಿಸುತ್ತಿದ್ದೇನೆ. ಒರೆಸುವ ಅಸಿಟೋನ್ ತಾಗಿ ಅವಳ ಹೆಸರು ಮಾತ್ರ ಅಳಿಸಿಹೋಗಿದೆ. ನಾನೇನು ಮಾಡಲಿ!