ನಿನ್ನ ತಟ್ಟೆಗೆ ಕೈ ಹಾಕಿದವಳು

ಸುನಿತಾ,

ಇದನ್ನು ನಿನಗೆ ಕಳಿಸುವುದಿಲ್ಲ, ಅದಕ್ಕೇ ನಿಜ ಬರೆಯುತ್ತೇನೆ.

ಬೆಳಗ್ಗೆ ಕಿಕ್ಕೇರಿಯ ನಿಮ್ಮ ಮನೆಗೆ ಹಾಲು ಕೊಡಲು ಹೋದಾಗ ನಿಮ್ಮಮ್ಮ ನಿನ್ನೊಡನೆ ವಿಡಿಯೋದಲ್ಲಿ ಮಾತಾಡುತ್ತಿದ್ದರು. ನಾನು ಫೋನಿನ ಹಿಂದೆ, ನಿನಗೆ ಕಾಣದ ಕಡೆ ನಿಂತೆ. ಮೆಕ್ಸಿಕೋದ ನಿನ್ನ ಕಡಲೂರಿನಲ್ಲಿ ಇನ್ನೂ ನಿನ್ನೆಯ ಸಂಜೆ. ಸೆಕೆ, ಕರೆಂಟಿಲ್ಲ, ಗುಡಿಸಿದಷ್ಟೂ ಮರಳು, ಹೋಟೆಲಿನ ಅಡುಗೆ ಮುಗಿಸಿ ಗಂಡ ಬರುವುದು ತಡ ಎಂದು ನೀನು ಗೊಣಗುತ್ತಿದ್ದರೆ ನನಗೆ ಒಳಗೊಳಗೇ ಹಿತವಾಗಿತ್ತು.

ಆಗ ಒಬ್ಬಳು ಸೀದಾ ಒಳಗೆ ಬಂದು ನಿನ್ನ ಹೆಗಲಿಗೆ ಕೈ ಹಾಕಿದಳು.

"ಪಕ್ಕದ್ಮನೆ ಇರ್ಮಾ ಕಣವ್ವ. ಇವ್ಳಿಲ್ದಿದ್ರೆ ನಂಗಿಲ್ಲಿ ಹುಚ್ಚಿಡೀತಿತ್ತು. ಮುದ್ದೆ ನುಂಗೋದೂ ಕಲ್ತವ್ಳೆ," ಎಂದೆ ನೀನು.

ಅವಳು ನಿನ್ನ ತಟ್ಟೆಯಿಂದಲೇ ಮುರಿದು ನುಂಗಿ ತೋರಿಸಿದಳು. ನಿಮ್ಮಮ್ಮ ನಕ್ಕರು. ನಿನ್ನ ತಟ್ಟೆಗೆ ಹಾಗೆ ಕೈ ಹಾಕುತ್ತಿದ್ದವಳು ನಾನೊಬ್ಬಳೇ.

ಮಾತು ಮುಗಿದ ಮೇಲೆ ನಿಮ್ಮಮ್ಮ ಕೇಳಿದರು: "ಯಾಕವ್ವ ಮೇಘನ, ನೀನೂ ಮಾತಾಡ್ಬಾರ್ದಾಗಿತ್ತಾ?"

"ನಾವಿಬ್ರೂ ದಿನಾ ಮಾತಾಡ್ತೀವಿ ಬುಡು ಅತ್ತೆ," ಎಂದೆ.

ಅವರು ಹಾಲಿನ ಪಾತ್ರೆ ತೊಳೆದು ನನ್ನ ಕೈಗಿಟ್ಟರು.

"ಅಂಗಾದ್ರೆ ಫೋನ್ ಮಾಡ್ದಾಗೆಲ್ಲ ನಿನ್ ಸುದ್ದೀನ ನನ್ನ ಯಾಕ್ ಕೇಳ್ತಾಳೆ?"

ಮೇಘನ