ಜಗಳೂರಿನ ಪುಟ

ನಮ್ಮ ಮನೆಯವರಿಗೆ,

ಚನ್ನಗಿರಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೀನಿ. ಕೂತು ಅಂದೆನೇ ಹೊರತು ಕೂರೋಕೆ ಆಗುತ್ತಿಲ್ಲ. ದಾವಣಗೆರೆ ಕಡೆಯಿಂದ ಒಂದೊಂದು ಬಸ್ಸು ಬಂದಾಗಲೂ ಎದ್ದು ಹೋಗಿ, ಇಳಿಯುವವರ ಮುಖ ನೋಡಿ, ಮತ್ತೆ ಬಂದು ಕೂರುತ್ತೀನಿ. ಜಗಳೂರಿನಿಂದ ನನ್ನ ತಮ್ಮ ರುದ್ರೇಶ ಬರುತ್ತೀನಿ ಅಂದಿದ್ದಾನೆ. ಹೌದು ರೀ, ಅದೇ ರುದ್ರೇಶ. ಈಗಲೇ ಹುಬ್ಬು ಗಂಟಿಕ್ಕಬೇಡಿ, ಪೂರ್ತಿ ಓದಿ. ಅವನು ಬರುತ್ತಾನೋ, ಅರ್ಧ ದಾರಿಯಿಂದ ವಾಪಸ್ ಹೋಗುತ್ತಾನೋ, ಅದೂ ಗೊತ್ತಿಲ್ಲ. ಹಟದಲ್ಲಿ ಅವನೇನು ನಿಮಗಿಂತ ಕಮ್ಮಿಯಾ? ಅವನು ಇಳಿಯೋವರೆಗೆ ಈ ಕೈಗೊಂದು ಕೆಲಸ ಬೇಕು, ಅದಕ್ಕೇ ಈ ಕಾಗದ.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ನೀವು ರದ್ದಿ ಅಂಗಡಿಯಿಂದ ಹಳೇ ರಸ್ತೆ ನಕ್ಷೆಯೊಂದನ್ನು ತಂದು, ನಾನು ಆಗಷ್ಟೇ ಸಾರಿಸಿದ್ದ ನೆಲದ ಮೇಲೆ ಹರಡಿದ್ದು ನೆನಪಿದೆಯಾ? ಬಟ್ಟೆಗೆ ಅಂಟಿಸಿದ ನಕ್ಷೆ, ಮಡಿಕೆ ಮಡಿಕೆಯಲ್ಲೂ ಹುಳ ತಿಂದಿತ್ತು. ಜೊತೆಗೆ ಸಾಹೇಬರ ಕಾಲದ ಒಂದು ದಾರಿ ಪುಸ್ತಕ. ಯಾವ ಊರಲ್ಲಿ ಬಂಗಲೆ ಇದೆ, ಕುದುರೆಗೆ ಹುಲ್ಲು ಎಲ್ಲಿ ಸಿಗುತ್ತದೆ, ಕೋಳಿಮೊಟ್ಟೆ ಎಲ್ಲಿ ಸಿಗುತ್ತದೆ, ಎಲ್ಲಾ ಬರೆದಿದ್ದರು. ಹೊನ್ನಾಳಿಯ ಹೊಳೆಗೆ ಸೇತುವೆಯ ಗೆರೆ ಇರಲಿಲ್ಲ, ಒಂದು ಪುಟ್ಟ ದೋಣಿಯ ಗುರುತಿತ್ತು. ನೀವು ಆ ದೋಣಿಯ ಮೇಲೆ ಬೆರಳಿಟ್ಟು, "ನೋಡೇ ಗಿರಿಜಾ, ಎಲ್ಲಾ ಸಾಹೇಬರಿಗೇ ಬರ್ದಾರೆ. ನಮ್ಮೋರು ಹೆಣ್ಣು ನೋಡಾಕೆ ಹೋಗಾದು ಹೆಂಗೆ ಅಂತ ಒಬ್ಬನಾದ್ರೂ ಬರ್ದಾನಾ?" ಅಂದಿರಿ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಮಾವಿನಕಾಯಿ ಬಿಡಿಸೋದು ಕಲಿಸುತ್ತಿದ್ದ ಡ್ರಾಯಿಂಗ್ ಮೇಷ್ಟ್ರಿಗೆ ಅವತ್ತೇ ತಾನೂ ಒಂದು ದಾರಿ ಪುಸ್ತಕ ಮಾಡುವ ಹುಚ್ಚು ಹಿಡಿಯಿತು. ನನ್ನ ನೆಲ ಮತ್ತೆ ಸಾರಿಸಬೇಕಾಯಿತು.

ನಿಮ್ಮ 'ನಾಲ್ಕೂರ ದಾರಿ'ಯ ಮೊದಲ ಪ್ರೂಫು ಬಂದ ದಿನ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಅಜ್ಜ ಹಣೆ ಚಚ್ಚಿಕೊಂಡಿದ್ದರು. ನಿಮ್ಮ ನಕ್ಷೆಯಲ್ಲಿ ಉತ್ತರ ಇಲ್ಲ, ದಕ್ಷಿಣ ಇಲ್ಲ. ಪುಟದ ಕೆಳಗೆ ಚನ್ನಗಿರಿ, ಅಲ್ಲಿಂದ ರಸ್ತೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ವಾಪಸ್ ಬರುವವರು ಪುಸ್ತಕವನ್ನೇ ತಲೆಕೆಳಗೆ ಹಿಡಿಯಬೇಕು. ಅದಕ್ಕಾಗಿ ಪ್ರತಿ ಊರಿನ ಹೆಸರನ್ನೂ ಒಮ್ಮೆ ನೇರ, ಒಮ್ಮೆ ಉಲ್ಟಾ ಜೋಡಿಸಬೇಕು. "ಮೇಷ್ಟ್ರೇ, ಜನ ನಕ್ಷೆ ನೋಡ್ತಾರೋ, ಸರ್ಕಸ್ ಮಾಡ್ತಾರೋ?" ಅಂದರು ಅಜ್ಜ. "ದಾರಿಯಾಗೆ ಹೋಗೋನಿಗೆ ಮುಂದೆ, ಹಿಂದೆ ಅಷ್ಟೇ ಇರಾದು. ಉತ್ತರ ಕಟ್ಕಂಡು ಅವನೇನು ಮಾಡ್ತಾನೆ?" ಅಂದಿರಿ ನೀವು. ಹೊನ್ನಾಳಿಯವರು ತಮ್ಮ ಊರು ಯಾವಾಗಲೂ ತುದಿಯಲ್ಲೇ ಇದೆ ಅಂತ ಬೇಜಾರು ಮಾಡಿಕೊಂಡರು. ಆದರೂ ಕೊಂಡರು, ಮಂಡಕ್ಕಿ ಪೊಟ್ಟಣ ಕೊಂಡ ಹಾಗೆ ಕೊಂಡರು.

ಈಗಲೂ ಆ ಸಾಲುಗಳು ಬಾಯಲ್ಲೇ ಇವೆ. "ಸೂಳೆಕೆರೆ ಏರಿಯ ಮೇಲೆ ಗಾಳಿ ಜೋರು, ಟೋಪಿ ಕೈಯಲ್ಲಿರಲಿ." "ನ್ಯಾಮತಿಯಲ್ಲಿ ಸಂತೆಯ ದಿನ ರಸ್ತೆಯೇ ಸಂತೆ, ಗಾಡಿ ಬಿಟ್ಟು ನಡೆಯುವುದು ಲೇಸು." "ಉಬ್ರಾಣಿ ಕಡೆ ದಾರಿ ಕೇಳಿದರೆ ಮೊದಲು ನೀವು ಯಾರ ಪೈಕಿ ಎಂದು ಕೇಳುತ್ತಾರೆ. ಹೇಳಿಬಿಡಿ, ಬೇಗ ಮುಗಿಯುತ್ತದೆ." ಓದಿದವರು ನಗುತ್ತಿದ್ದರು, ಆದರೆ ದಾರಿ ಮಾತ್ರ ಯಾರೂ ತಪ್ಪುತ್ತಿರಲಿಲ್ಲ. ಯಾಕೆಂದರೆ ನೀವು ಸ್ವತಃ ಹೋಗಿ ಬರದ ಒಂದು ಗೆರೆಯನ್ನೂ ಎಳೆದವರಲ್ಲ. ಕಾಲಿಟ್ಟ ದಾರಿಯನ್ನೇ ಕಾಗದಕ್ಕೆ ಇಳಿಸಬೇಕು ಅನ್ನೋದು ನಿಮ್ಮ ನೇಮ. ಮಳೆಯಲ್ಲಿ ನೆನೆದು ಬಂದು ನೆಗಡಿ ಹಿಡಿಸಿಕೊಂಡಾಗ ಕಷಾಯ ಕಾಸಿದವಳು ನಾನು, ಆ ನೇಮ ನನಗೆ ಗೊತ್ತಿಲ್ಲವಾ?

ಹಾಗಾದರೆ ನನ್ನ ತವರು ಜಗಳೂರು? ಹೆಸರಿಗೆ ನಾಲ್ಕೂರ ದಾರಿ, ಮೂರೂರಿಗೆ ನಕ್ಷೆ. ನಾಲ್ಕನೆಯ ಪುಟದಲ್ಲಿ ದಾವಣಗೆರೆಯವರೆಗೆ ಗೆರೆ ಎಳೆದು, ಅದರ ಮೇಲೆ ಒಂದೇ ಸಾಲು: "ಮುಂದಕ್ಕೆ ಕೇಳಿಕೊಂಡು ಹೋಗಿ." ಪ್ರತಿ ಮುದ್ರಣದಲ್ಲೂ ಅದೇ ಸಾಲು, ಅದೇ ಖಾಲಿ ಪುಟ. ಯಾಕೆ ಮೇಷ್ಟ್ರೇ ಅಂತ ಯಾರಾದರೂ ಕೇಳಿದರೆ ಒಳಗಿದ್ದ ನಾನು ಪಾತ್ರೆ ಕುಕ್ಕುತ್ತಿದ್ದೆ. ಅಳಿಯನ ಮುನಿಸನ್ನು ಅಚ್ಚು ಹಾಕಿಸಿ ಊರೂರಿಗೆ ಮಾರಿದ ಗಂಡಸು ನಿಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಆ ಮೊದಲ ದೀಪಾವಳಿ… ರುದ್ರೇಶ ಬಂದು ನನ್ನನ್ನು ಮುಂಚೆಯೇ ತವರಿಗೆ ಕರೆದುಕೊಂಡು ಹೋಗಿದ್ದ. ನೀವು ನೀರು ತುಂಬುವ ಹಬ್ಬದ ಸಂಜೆಗೆ ಸ್ಕೂಟರಿನಲ್ಲಿ ಬರಬೇಕಿತ್ತು. ಹೊಸ ಅಳಿಯ ಎಣ್ಣೆ ಹಚ್ಚಿಸಿಕೊಳ್ಳದೆ ನಮ್ಮ ಮನೆಯಲ್ಲಿ ಯಾರೂ ನೀರು ಹಾಕಿಕೊಳ್ಳುವ ಹಾಗಿರಲಿಲ್ಲ. ಹಂಡೆಯ ನೀರು ಕಾದು ಕಾದು ಆರಿತು. ನೀವು ಬಂದದ್ದು ಮಾರನೆಯ ದಿನ ಹೊತ್ತೇರಿದ ಮೇಲೆ, ಮೈಯೆಲ್ಲಾ ಧೂಳು, ಚಕ್ರದಲ್ಲಿ ಜಾಲಿಮುಳ್ಳು. ಆ ಹುಳ ತಿಂದ ನಕ್ಷೆ ನಂಬಿಕೊಂಡು, ದಾವಣಗೆರೆ ಆಚೆಯ ಕವಲಿನಲ್ಲಿ ದಾರಿ ತಪ್ಪಿ, ಯಾವುದೋ ಊರಿನ ಗುಡಿ ಜಗುಲಿಯಲ್ಲಿ ಮಲಗಿ ಎದ್ದು ಬಂದಿದ್ದಿರಿ. ನಕ್ಷೆ ಕೈಯಲ್ಲಿರುವಾಗ ಇನ್ನೊಬ್ಬರನ್ನು ದಾರಿ ಕೇಳೋದು ನಿಮಗೆ ಅವಮಾನ. ಆಗಿನ್ನೂ ಮೀಸೆ ಮೂಡುತ್ತಿದ್ದ ರುದ್ರೇಶ ನೆಂಟರ ಮುಂದೆ, "ಬರ್ರಿ ಭಾವಾರೆ! ನಮ್ಮೂರು ರಾತ್ರಿಯೆಲ್ಲಾ ಇಲ್ಲೇ ಇತ್ತು, ಎಲ್ಲೂ ಹೋಗಿರ್ಲಿಲ್ಲ!" ಅಂದುಬಿಟ್ಟ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಬಂತು, ನಕ್ಕೆ, ಅದರಲ್ಲೇನು ತಪ್ಪು? ನೀವು ಹೊಸ್ತಿಲ ಹೊರಗೆ ನಿಂತವರು ಹಾಗೇ ಸ್ಕೂಟರ್ ತಿರುಗಿಸಿದಿರಿ. ಒಂದು ಲೋಟ ನೀರೂ ಕುಡಿಯಲಿಲ್ಲ.

ಆಮೇಲೆ ನಮ್ಮಪ್ಪ ಬಂದು ಕರೆದರು, ಅವ್ವ ಬಂದು ಕಣ್ಣೀರು ಹಾಕಿದಳು. "ಹೋಗಲ್ಲ ಅಂತ ಎಲ್ಲಿ ಹೇಳ್ದೆ? ಪುರುಸೊತ್ತಿಲ್ಲ" ಅನ್ನೋದೊಂದೇ ನಿಮ್ಮ ಮಾತು. ಅವರು ತೀರಿಕೊಂಡಾಗಲೂ ನಾನೊಬ್ಬಳೇ ಹೋದೆ. ಬಸ್ಸಲ್ಲಿ ವಾಂತಿ ಅಂತ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಹೋದೆ, ಕಣ್ಣು ಮುಚ್ಚಿ ಬಂದೆ. ಅಪ್ಪ ಅವ್ವ ಹೋದ ಮೇಲೆ ಅದೂ ನಿಂತಿತು. ಗಂಡ ತುಳಿಯದ ಮನೆಗೆ ಹೆಂಡತಿ ಒಬ್ಬಳೇ ಎಷ್ಟು ಸಲ ಹೋಗಬೇಕು ರೀ? ನಿಮ್ಮ ಸಿಟ್ಟಿಗೆ ತವರು ತಪ್ಪಿದ್ದು ನನಗೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದಾ ಅಂತ ನಿಮ್ಮೆದುರೇ ಎಷ್ಟು ಸಲ ಅಂದಿದ್ದೀನಿ. ನೀವು ಪೆನ್ಸಿಲ್ ಕೆತ್ತುತ್ತಾ ಕೂರುತ್ತಿದ್ದಿರಿ.

ನೀವು ಹೋದ ದಿನ ಸುದ್ದಿ ತಿಳಿದು ಹೊನ್ನಾಳಿಯಿಂದ, ನ್ಯಾಮತಿಯಿಂದ ನಿಮ್ಮ ಪುಸ್ತಕ ಓದಿದ ಅಪರಿಚಿತರೂ ಬಂದರು. ನಾನು ಅತ್ತಿದ್ದಕ್ಕಿಂತ ಬಾಗಿಲ ಕಡೆ ನೋಡಿದ್ದೇ ಹೆಚ್ಚು. ರುದ್ರೇಶ ಬರಲಿಲ್ಲ. ಅಕ್ಕನ ಗಂಡನ ಮಣ್ಣಿಗೆ ಬಾರದ ತಮ್ಮನ ಜೊತೆ ಇನ್ನೇನು ಮಾತು? ಅವನು ಫೋನ್ ಮಾಡಿದರೂ ನಾನು ಎತ್ತಲಿಲ್ಲ. ನಿಮ್ಮ ಮುನಿಸನ್ನು ನಾನು ಎತ್ತಿಕೊಂಡೆ ನೋಡಿ, ಯಾರೂ ಹೇಳದೆಯೇ.

ಹೋದ ತಿಂಗಳು ಪ್ರೆಸ್ಸಿನ ಮಂಜಣ್ಣ ಮನೆಗೆ ಬಂದ. "ಅಕ್ಕಾರೆ, ಬೈಕ್ ಹುಡುಗ್ರು ಕೇಳ್ತಾವರೆ, 'ನಾಲ್ಕೂರ ದಾರಿ' ಮತ್ತೆ ಹಾಕನ. ಆದ್ರೆ ಜಗಳೂರು ಪುಟ ಖಾಲಿ ಬಿಟ್ರೆ ಈ ಕಾಲ್ದಾಗೆ ನಗ್ತಾರೆ. ಫೋನ್ ನೋಡ್ಕಂಡು ನಾನೇ ತುಂಬ್ಸಿಬಿಡ್ಲಾ?" ಅಂದ. ಮೈ ಉರಿದುಹೋಯಿತು. ಫೋನ್ ನೋಡಿಕೊಂಡಂತೆ! ನೀವು ಎದ್ದು ಬಂದು ಅವನ ಕಿವಿ ಹಿಂಡುತ್ತಿರಲಿಲ್ಲವಾ? "ಹೋಗದ ದಾರಿ ನಮ್ಮ ಪುಸ್ತಕದಾಗೆ ಬರಾಂಗಿಲ್ಲ. ಯಂತ್ರ ನಿಲ್ಸು, ನಾನೇ ಹೋಗಿ ಬರ್ತೀನಿ" ಅಂದುಬಿಟ್ಟೆ. ಅಂದ ಮೇಲೆ ಯೋಚನೆಗೆ ಬಿದ್ದೆ. ಜಗಳೂರಿಗೆ ಹೋಗಿ ರುದ್ರೇಶನ ಮನೆ ಮುಂದೆಯೇ ಬಸ್ಸು ಹಿಡಿದು ವಾಪಸ್ ಬರೋಕೆ ಆಗುತ್ತದಾ? ಹೋದರೆ ಏನಂತ ಹೋಗೋದು? ಮೂರು ರಾತ್ರಿ ನಿದ್ದೆ ಬರಲಿಲ್ಲ, ನಾಲ್ಕನೆಯ ದಿನ ಚೀಲ ಹಿಡಿದು ಹೊರಟೆ.

ಈ ಸಲ ಕಣ್ಣು ಮುಚ್ಚಲಿಲ್ಲ. ದಾವಣಗೆರೆ ದಾಟಿದ ಮೇಲೆ ಡ್ರೈವರ್ ಪಕ್ಕದ ಸೀಟಿನಲ್ಲೇ ಕೂತು, ಮರ, ಮೋರಿ, ತಿರುವು ಎಲ್ಲಾ ಕೇಳಿ ಕೇಳಿ ಬರೆದುಕೊಂಡೆ. ಡ್ರೈವರ್ ಸುಸ್ತಾದ. ನೀವು ದಾರಿ ತಪ್ಪಿದ್ದ ಆ ಕವಲಿನಲ್ಲಿ ಇಳಿದುಬಿಟ್ಟೆ. ಟೀ ಅಂಗಡಿಯ ಹೆಂಗಸನ್ನು ಹಳೇ ರಸ್ತೆ ಎಲ್ಲಿ ಅಂತ ಕೇಳಿದೆ. "ಹಳೇ ರಸ್ತೆನಾ? ಅದು ನಮ್ಮ ಮೆಕ್ಕೆಜೋಳದಾಗೆ ಮಲ್ಗೈತೆ ನೋಡ್ರಿ!" ಅಂತ ನಕ್ಕಳು. ಯಾವುದೋ ಕಾಲದಲ್ಲಿ ಕೆರೆ ಒಡೆದು ಮೋರಿ ಕೊಚ್ಚಿಕೊಂಡು ಹೋಗಿ, ರಸ್ತೆಯನ್ನೇ ಆ ಕಡೆ ತಿರುಗಿಸಿದ್ದರಂತೆ. ಅವಳ ಅತ್ತೆ ಹೊಸ ಸೊಸೆಯಾಗಿ ಬರುವ ಮುಂಚಿನ ಮಾತು. ಅಂದರೆ ತಪ್ಪಿದ್ದು ನೀವಲ್ಲ, ನಕ್ಷೆ! ಅಷ್ಟನ್ನು ಅವತ್ತು ಹೊಸ್ತಿಲಲ್ಲಿ ಬಾಯಿಬಿಟ್ಟು ಹೇಳಿದ್ದರೆ ಎಲ್ಲರೂ ಇನ್ನೊಂದು ಸಲ ನಕ್ಕು ಎಣ್ಣೆ ಹಚ್ಚುತ್ತಿದ್ದರಲ್ಲ? ನಕ್ಷೆಯನ್ನು ಬಿಟ್ಟುಕೊಡೋಕೆ ನಿಮಗೆ ಮನಸ್ಸಾಗಲಿಲ್ಲ, ನನ್ನ ತವರನ್ನು ಬಿಟ್ಟುಕೊಟ್ಟಿರಿ. ಆ ಜೋಳದ ಹೊಲದ ಬದುವಿನ ಮೇಲೆ ನಿಂತು ನಿಮಗೆ ಬೈದಷ್ಟು ನಾನು ಬದುಕಿನಲ್ಲೇ ಬೈದಿಲ್ಲ. ಬೈದೂ ಬೈದೂ ಅಳು ಬಂತು. ಧೂಳಿನಲ್ಲಿ ಸ್ಕೂಟರ್ ತಳ್ಳಿಕೊಂಡು, ಹೊಸ ಅಂಗಿ ತೊಟ್ಟು, ಹಬ್ಬಕ್ಕೆ ಅಂತ ಬರುತ್ತಿದ್ದ ನೀವು…

ಮುಂದಿನ ಬಸ್ಸು ಹಿಡಿದು ಜಗಳೂರಿಗೆ ಹೋಗಿ ತವರುಮನೆ ಬಾಗಿಲು ತಟ್ಟಿದೆ. ರುದ್ರೇಶ ತೆಗೆದ. ಕೈಯಲ್ಲಿ ಕೋಲು, ತಲೆ ಪೂರಾ ಬೆಳ್ಳಗೆ. ನಾನು ಒಳಗೆ ಹೋಗಲಿಲ್ಲ, ನೀವು ನಿಂತ ಜಾಗದಲ್ಲೇ ನಿಂತೆ. "ಮಣ್ಣಿಗೆ ಯಾಕೆ ಬರ್ಲಿಲ್ಲ? ಅದೊಂದು ಹೇಳು, ಹೋಗ್ತೀನಿ" ಅಂದೆ.

"ಬಂದಿದ್ದೆ ಅಕ್ಕ."

"ಸುಳ್ಳು ಹೇಳಬ್ಯಾಡ."

"ಭಾವಾರು ನಮ್ಮನಿ ಹೊಸ್ತಿಲು ತುಳೀಲಿಲ್ಲ. ಅವರಿಲ್ದಾಗ ಅವರ ಹೊಸ್ತಿಲು ನಾನು ಯಾವ ಮುಖ ಇಟ್ಕಂಡು ತುಳೀಲಿ? ತಲೆಮ್ಯಾಲೆ ಟವೆಲ್ ಹಾಕ್ಕಂಡು ಜನದ ಹಿಂದ್ಹಿಂದೆ ಬಂದೆ. ಗುಣಿ ಹತ್ರ ಅವರ ಶಿಷ್ಯ ಒಬ್ಬ ದಾರಿ ಪುಸ್ತಕ ಒಳಗಿಡಾಕೆ ಹೋದ. ಹಿರೇರು, 'ಆ ದಾರಿಗೆ ಪುಸ್ತಕ ಬ್ಯಾಡಪ್ಪ' ಅಂದು ತೆಗೆಸಿದ್ರು."

ಇದು ಅಲ್ಲಿದ್ದವರಿಗೆ ಮಾತ್ರ ಗೊತ್ತಿರುವ ಸಂಗತಿ. ಮನೆಗೆ ಬಂದ ಮೇಲೆ ನಮ್ಮ ಮಗ ನನ್ನ ಕಿವಿಯಲ್ಲಿ ಹೇಳಿದ್ದ, ನಾನು ಯಾರಿಗೂ ಹೇಳಿರಲಿಲ್ಲ.

"ಎಲ್ಲಾರೂ ಹೋದ ಮ್ಯಾಲೆ ಒಂದು ಹಿಡಿ ಮಣ್ಣು ಹಾಕ್ದೆ. 'ಭಾವಾರೆ, ಹುಡುಗ್ ಬುದ್ಧಿ, ತಪ್ಪಾತು' ಅಂದೆ. ಅವರೇನೂ ಅನ್ಲಿಲ್ಲ ಅಕ್ಕ" ಅಂದು ಅವನು ಕೋಲು ಬಿಟ್ಟು ಬಾಗಿಲ ಚೌಕಟ್ಟು ಹಿಡಿದುಕೊಂಡ.

ನಿಮಗೆ ಇದು ಗೊತ್ತಿತ್ತಾ? ಗೊತ್ತಾಗಿರೋಕೆ ಸಾಧ್ಯವಿಲ್ಲ, ಅದಕ್ಕೇ ಹೇಳುತ್ತಿದ್ದೀನಿ. ನಾನು ಒಳಗೆ ಹೋದೆ. ನೀರು ಕುಡಿದೆ, ರೊಟ್ಟಿ ತಿಂದೆ, ಅವ್ವ ಮಲಗುತ್ತಿದ್ದ ಕೋಣೆಯಲ್ಲಿ ಮಲಗಿ ಬೆಳಗಿನವರೆಗೆ ನಿದ್ದೆ ಮಾಡಿದೆ. ಹೊರಡುವಾಗ "ನೀನು ಚನ್ನಗಿರಿಗೆ ಬಾ. ಟವೆಲ್ ಹಾಕ್ಕಂಡಲ್ಲ, ಮುಖ ತೋರಿಸ್ಕಂಡು ಬಾ" ಅಂದೆ. ಯೋಚನೆ ಮಾಡ್ತೀನಿ ಅಂದ. ನಿನ್ನೆ ಫೋನ್ ಮಾಡಿ, ನಾಳೆ ಬರ್ತೀನಿ ಅಂದ.

ಜಗಳೂರಿನ ಪುಟವನ್ನು ಮಂಜಣ್ಣನಿಗೆ ಕೊಟ್ಟಾಯಿತು. ನಿಮ್ಮ ಹಾಗೆ ಗೆರೆ ಎಳೆಯೋಕೆ ನನಗೆ ಬರಲ್ಲ, ರಸ್ತೆ ಜಾಲಿಕಡ್ಡಿಯ ಹಾಗೆ ಸೊಟ್ಟ ಬಂದಿದೆ. ಕವಲಿನ ಹತ್ತಿರ ಹೀಗೆ ಬರೆದೆ: "ಇಲ್ಲಿ ಹಳೇ ನಕ್ಷೆ ನಂಬಬೇಡಿ. ಅದು ತೋರಿಸುವ ರಸ್ತೆಯಲ್ಲಿ ಈಗ ಮೆಕ್ಕೆಜೋಳ ಬೆಳೆಯುತ್ತಾರೆ." ಪುಟದ ಕೆಳಗೆ ನನ್ನ ಹೆಸರು ಹಾಕಿಸಿದ್ದೀನಿ. ಹೋದವಳು ನಾನು ತಾನೇ?

ಬಸ್ಸು ಬಂತು ರೀ. ಜನ ಇಳಿಯುತ್ತಿದ್ದಾರೆ… ಎಲ್ಲಾ ಇಳಿದ ಹಾಗಿದೆ. ಇಲ್ಲ, ತಾಳಿ. ಕಂಡಕ್ಟರ್ ಯಾರಿಗೋ ಕೈ ಕೊಡುತ್ತಿದ್ದಾನೆ. ಕೋಲು ಕಂಡಿತು. ಅವನೇ. ಬರೀ ತಲೆಯಲ್ಲೇ ಬಂದಿದ್ದಾನೆ, ಟವೆಲ್ ಇಲ್ಲ.

ಮೊದಲು ಮನೆಗೆ ಕರೆದುಕೊಂಡು ಹೋಗಿ ಊಟಕ್ಕೆ ಹಾಕುತ್ತೀನಿ. ಬಿಸಿಲು ಇಳಿದ ಮೇಲೆ ಇಬ್ಬರೂ ನಿಮ್ಮ ಹತ್ತಿರ ಬರುತ್ತೀವಿ. ನೀವು ಇನ್ನೂ ಮುನಿಸಿಕೊಂಡೇ ಇರುತ್ತೀರಾದರೆ ಇರಿ, ಅದು ನಿಮ್ಮಿಷ್ಟ. ನಿಮ್ಮ ಪರವಾಗಿ ಮುನಿಸಿಕೊಳ್ಳೋದನ್ನು ನಾನು ಇವತ್ತಿಗೆ ಬಿಟ್ಟೆ.

ನಿಮ್ಮ
ಗಿರಿಜಾ