ಚಕ್ಕುಲಿ ಕೆಳಗಿಟ್ಟ ಜಡ್ಜ್

ಶೋರ್‌ಲೈನ್, 19-10-2014

ಅಕ್ಕ,

ನೀನು ಜಡ್ಜ್ ಆದ ಮೇಲೆ ಪಕ್ಕದ ಮನೆಯ ಮದುವೆಗೂ ಹೋಗುವುದಿಲ್ಲ. ಇಲ್ಲಿ ಜಡ್ಜ್‌ಗಳನ್ನೂ ಜನರೇ ವೋಟು ಹಾಕಿ ಆರಿಸುತ್ತಾರೆ; ನಿನ್ನೆ ಜಡ್ಜೊಬ್ಬರು ನಾದಿನಿ ರಜನಿಯ ಬಾಗಿಲಿಗೇ ಬಂದು ವೋಟು ಕೇಳಿದರು. ಅಜಾಗರೂಕ ಚಾಲನೆಯ ಅವಳ ಕೇಸು ಮಂಗಳವಾರ ಅವರ ಮುಂದೆಯೇ ಬರುತ್ತದೆ. ಅವಳು ಅದನ್ನು ತಿಳಿಸಿದ ಕೂಡಲೇ ಅವರು, ನಾವು ಕೊಟ್ಟಿದ್ದ ಚಕ್ಕುಲಿಯನ್ನು ಕಚ್ಚದೆ ತಟ್ಟೆಗಿಟ್ಟು, ಕ್ಷಮೆ ಕೇಳಿ ಹೊರಟರು.

“ಟೆಕ್ಸಾಸಲ್ಲಿದ್ದಾಗ ಜಡ್ಜ್ ಹೆಸರಿನ ಪಕ್ಕ ಪಾರ್ಟಿ ಹೆಸರಿರ್ತಿತ್ತು ಅತ್ತಿಗೆ, ಅದನ್ನ ನೋಡಿ ವೋಟು ಹಾಕ್ತಿದ್ದೆ. ಇಲ್ಲಿ ಪಾರ್ಟಿ ಹೆಸರೇ ಇರಲ್ಲ. ಬರೀ ಮುಖ ನೋಡ್ಕೊಂಡು ಹೆಂಗೆ ಹಾಕ್ಲಿ?” ಎಂದಳು ರಜನಿ.

ಲೈಸೆನ್ಸ್ ಹೋದರೆ ಅವಳ ಕೆಲಸವೂ ಹೋಗುತ್ತದೆ. ಆದರೂ ಅಂಚೆಯಲ್ಲಿ ಬಂದ ಮತಪತ್ರದಲ್ಲಿ ಸಂಜೆ ಅವರಿಗೇ ಗುರುತು ಹಾಕಿದಳು. “ಚಕ್ಕುಲಿ ಕೆಳಗಿಟ್ರಲ್ಲ, ಸಾಕು.”

ನನ್ನ ಮಂಡಿನೋವು ಇಳಿದಿದೆ. ಆ ಚಕ್ಕುಲಿ ನಾನೇ ತಿಂದೆ.

ಶಾಲಿನಿ